ಹೋಸ್ಟಿಸ್ ಮತ್ತು ಹೊಸ್ತಿಲು

ಶತ್ರುವನ್ನು ಪ್ರೀತಿಸಿ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕೇಳುತ್ತೇವೆ, ತಲೆಯಾಡಿಸುತ್ತೇವೆ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗುತ್ತೇವೆ. ಪ್ರೀತಿಸುವುದು ಹೇಗೆ ಎಂದು ಒಬ್ಬರಾದರೂ ಕೇಳಿದ್ದೀರಾ? ನಾನೂ ಕೇಳಿಕೊಂಡಿರಲಿಲ್ಲ, ಇನ್ನಾಸಪ್ಪನ ಕಥೆ ತಿಳಿಯುವವರೆಗೆ.

ಹತ್ತಿ ವ್ಯಾಪಾರದ ಒಂದೂರಿನಲ್ಲಿ ಇನ್ನಾಸಪ್ಪ ಎಂಬ ಶ್ರೀಮಂತನಿದ್ದ. ಹತ್ತಿಯ ಮಿಲ್ಲು, ಎರಡಂತಸ್ತಿನ ಮನೆ, ಕಾರು, ಎಲ್ಲ ಇತ್ತು. ಹರೆಯದಲ್ಲಿ ಪಾದ್ರಿಯಾಗಲು ಹೊರಟು ಎರಡು ವರ್ಷ ಲ್ಯಾಟಿನ್ ಓದಿ ಬಿಟ್ಟುಬಂದವನು. ಭಾಷೆಯ ಹುಚ್ಚು ಮಾತ್ರ ಅವನನ್ನು ಬಿಡಲಿಲ್ಲ. ಊಟಕ್ಕೆ ಬಂದವರಿಗೆಲ್ಲ ಒಂದು ಶಬ್ದದ ಕಥೆ ಹೇಳುತ್ತಿದ್ದ. ಅದೇನು ಸಾಮಾನ್ಯ ಶಬ್ದವೇ? ಲ್ಯಾಟಿನ್ನಿನಲ್ಲಿ ಹೋಸ್ಟಿಸ್ ಎಂದರೆ ಮೊದಲು ಪರಸ್ಥಳದವನು, ಆಮೇಲೆ ಶತ್ರು. ಅದೇ ಬೇರಿನ ಹೋಸ್ಪೆಸ್ ಎಂದರೆ ಮನೆಗೆ ಬಂದ ಅತಿಥಿಯೂ ಹೌದು, ಬಾಗಿಲು ತೆರೆದ ಯಜಮಾನನೂ ಹೌದು. ಇಂದಿಗೂ ಫ್ರೆಂಚರು ಇಬ್ಬರನ್ನೂ 'ಓತ್' ಎನ್ನುತ್ತಾರೆ, ಇಟಲಿಯವರು ಇಬ್ಬರನ್ನೂ 'ಓಸ್ಪಿತೆ' ಎನ್ನುತ್ತಾರೆ. ಜರ್ಮನರ 'ಗಾಸ್ಟ್', ಇಂಗ್ಲಿಷಿನ 'ಗೆಸ್ಟ್' ಇದರ ದಾಯಾದಿಗಳು. ಅಷ್ಟೇಕೆ, ನೋಡಿ, ಹಾಸ್ಪಿಟಲ್ ಎಂಬುದೂ ಅದರ ಕುಡಿ. ನಾವು ನೀವು ಮದ್ದಿಗೆ ಹೋಗುವ ಆಸ್ಪತ್ರೆಯೂ ಅದೇ! ನಮ್ಮ ಹೊಸ್ತಿಲಿಗೂ ಹೋಸ್ಟಿಸ್‌ಗೂ ರಕ್ತಸಂಬಂಧವಿಲ್ಲ, ಬರೀ ಕಿವಿಯ ನೆಂಟಸ್ತಿಕೆ. ಆದರೂ ಪರಸ್ಥಳದವನು ಶತ್ರುವೋ ಅತಿಥಿಯೋ ಎಂಬುದು ತೀರ್ಮಾನವಾಗುವುದು ಹೊಸ್ತಿಲಲ್ಲೇ ಅಲ್ಲವೇ? ಎಂಥ ಶಬ್ದ! ನನಗಂತೂ ಅದನ್ನು ನೆನೆದರೆ ಕೈಮುಗಿಯಬೇಕೆನಿಸುತ್ತದೆ.

ಇನ್ನಾಸಪ್ಪನಿಗೆ ಶಬ್ದ ಗೊತ್ತಿತ್ತು. ಶತ್ರುವೂ ಇದ್ದ. ಒಂಬತ್ತು ವರ್ಷದ ಹಿಂದೆ ಕಲ್ಲನಗೌಡ ಎಂಬ ರೈತ ತಂದ ಹತ್ತಿಯನ್ನು ನೋಡಿ, ತುಂಬಿದ ಮಾರ್ಕೆಟ್ಟಿನಲ್ಲಿ, "ತೂಕಕ್ಕ ನೀರ ಹೊಡದು ತಂದಾನ, ಕಳ್ಳ" ಎಂದು ಕೂಗಿಬಿಟ್ಟಿದ್ದ. ಹತ್ತಿ ಒಣಗಿಯೇ ಇತ್ತು. ಇನ್ನಾಸಪ್ಪನಿಗೆ ಅದು ಮರುದಿನವೇ ತಿಳಿಯಿತು. ತಿಳಿದೂ ಬಾಯಿ ಬಿಡಲಿಲ್ಲ. ಆ ವರ್ಷ ಕಲ್ಲನಗೌಡನ ಹತ್ತಿ ತುಂಬಿದ ಅಂಡಿಗೆಯನ್ನು ಯಾವ ವ್ಯಾಪಾರಿಯೂ ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ಇನ್ನಾಸಪ್ಪ, ಹೆಂಡತಿ ಲೂರ್ದಮ್ಮನೊಡನೆ ನೆಂಟರ ಮದುವೆ ಮುಗಿಸಿ ಕಾರಿನಲ್ಲಿ ಬರುತ್ತಿದ್ದ. ಹಳ್ಳ ಉಕ್ಕಿ ಮುಂದಿನ ಸೇತುವೆಯೂ ಮುಳುಗಿತು, ಹಿಂದಿನ ರಸ್ತೆಯೂ ಮುಳುಗಿತು. ಲೂರ್ದಮ್ಮನಿಗೆ ಉಬ್ಬಸ; ತಣ್ಣನೆ ಗಾಳಿಗೆ ಉಸಿರು ಕಟ್ಟತೊಡಗಿತು. ದಿಬ್ಬದ ಮೇಲಿನ ಮನೆಯೊಂದರ ಬಾಗಿಲು ಬಡಿದರು. ತೆರೆದವನು ಯಾರು? ಕಲ್ಲನಗೌಡ.

ಇನ್ನಾಸಪ್ಪ ಹೊಸ್ತಿಲಾಚೆಯೇ ನಿಂತ. "ನಾನು ಯಾರಂತ ಗುರ್ತ ಸಿಕ್ಕತೇನ್ರಿ?"

"ಸಿಕ್ಕತ್ರಿ. ಮೊದಲ ಅವ್ವಾರನ್ನ ಒಳಗ ಕರಕೊಂಡ ಬರ್ರಿ. ಏ ನೀಲವ್ವಾ, ನೀರ ಕಾಯಾಕ ಇಡು!"

ಕಲ್ಲನಗೌಡನ ಹೆಂಡತಿ ನೀಲವ್ವ ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು, ಲೂರ್ದಮ್ಮನಿಗೆ ಬಿಸಿನೀರಿನ ಹಬೆ ಹಿಡಿದಳು, ಬೆನ್ನು ತಿಕ್ಕಿದಳು. ಕಲ್ಲನಗೌಡ ಎದೆಮಟ್ಟದ ನೀರು ದಾಟಿ ಪಕ್ಕದ ಊರಿನಿಂದ ಔಷಧಿ ತಂದ. ತಲೆಯ ಮೇಲೆ ಪ್ಲಾಸ್ಟಿಕ್ ಚೀಲ, ಮೈಯೆಲ್ಲ ಕೆಸರು. ಹಳ್ಳ ಇಳಿಯಲು ಎರಡು ದಿನ ಹಿಡಿಯಿತು. ಎರಡು ದಿನವೂ ಬಿಸಿರೊಟ್ಟಿ. ಹತ್ತಿಯ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಬೈಗುಳವನ್ನಾದರೂ ನುಂಗಬಹುದಿತ್ತು, ಆ ರೊಟ್ಟಿ ಇನ್ನಾಸಪ್ಪನ ಗಂಟಲಲ್ಲಿ ಇಳಿಯಲಿಲ್ಲ.

ಹೊರಡುವ ಹೊತ್ತಿಗೆ ಅವನು ತಡೆಯಲಾರದೆ ಆ ಲ್ಯಾಟಿನ್ ಶಬ್ದದ ಕಥೆ ಹೇಳಿದ. ಕಲ್ಲನಗೌಡ ಪೂರ್ತಿ ಕೇಳಿ, "ಚೊಲೊ ಮಾತೈತ್ರಿ. ನಮಗ ಅಷ್ಟೆಲ್ಲಾ ತಿಳಿಯೂದಿಲ್ಲ. ಬಂದವರು ಬಂದ್ರು, ಉಣ್ಣಾಕ ಹಾಕೂದು" ಎಂದ.

ಇನ್ನಾಸಪ್ಪನ ಕಣ್ಣು ತುಂಬಿತು. "ಗೌಡ್ರ, ನಿಮ್ಮ ಹತ್ತಿ ಒಣಗಿತ್ತು. ನಾನು ತಪ್ಪು ಮಾತಾಡಿದೆ. ನನಗ ಗೊತ್ತಿತ್ತು."

ಕಲ್ಲನಗೌಡ ಹೇಳಿದ: "ಇಲ್ಲಿ ಹೇಳಿದ್ರ ನಾ ಒಬ್ಬನ ಕೇಳಿದಂಗಾತ್ರಿ. ಕಳ್ಳ ಅಂದದ್ದು ನೂರು ಮಂದಿ ಕೇಳ್ಯಾರ."

ಮುಂದಿನ ಸಂತೆಯ ದಿನ ಇನ್ನಾಸಪ್ಪ ಮಾರ್ಕೆಟ್ಟಿನ ಕಟ್ಟೆ ಹತ್ತಿ ನಿಂತು ಎಲ್ಲರೆದುರು ಹೇಳಿದ: "ಕಲ್ಲನಗೌಡರು ಕಳ್ಳರಲ್ಲ. ಸುಳ್ಳು ಹೇಳಿದವನು ನಾನು." ಕೆಲವರು ನಕ್ಕರು. ನಗಲಿ! ಅವನಿಗೆ ಒಂಬತ್ತು ವರ್ಷದ ಭಾರ ಇಳಿದಿತ್ತು.

ಈಗ ನಿಮ್ಮ ಕಡೆ ತಿರುಗುತ್ತೇನೆ. ನಾವು ಏನಂದುಕೊಂಡಿದ್ದೇವೆ? ಮುನಿಸಿಕೊಂಡವನನ್ನು ನಮ್ಮ ಮನೆಗೆ ಕರೆದು ಊಟ ಹಾಕಿದರೆ ಪ್ರೀತಿಸಿದಂತಾಯಿತು ಎಂದು. ಅದರಲ್ಲೂ ನಾವೇ ದೊಡ್ಡವರು, ನಾವೇ ಬಡಿಸುವವರು! ಆ ಶಬ್ದ ಹಾಗೆ ಹೇಳುವುದಿಲ್ಲ. ಬಡಿಸುವವನೂ ಉಣ್ಣುವವನೂ ಒಂದೇ ಎನ್ನುತ್ತದೆ. ನೋಡಿ, ನೀವು ಮಾತು ಬಿಟ್ಟ ಒಂದು ಮುಖ ಈಗ ನಿಮ್ಮ ಕಣ್ಣೆದುರು ಬಂದಿದೆ. ಬಂದಿದೆ, ನನಗೆ ಗೊತ್ತು. ತಂಗಿಯೋ, ಓರಗಿತ್ತಿಯೋ, ಪಕ್ಕದ ಮನೆಯವರೋ. ಅವರನ್ನು ಕರೆಯಬೇಡಿ. ನೀವೇ ಹೋಗಿ. ಇವತ್ತೇ ಹೋಗಿ. ಬಾಗಿಲಲ್ಲಿ ನಿಂತು, "ಒಂದು ಲೋಟ ನೀರು ಕೊಡಿ" ಎಂದು ಕೇಳಿ. ಕೊಟ್ಟರೆ ಕುಳಿತು ಕುಡಿಯಿರಿ. ಆಮೇಲೆ, ತಪ್ಪು ನಿಮ್ಮದಾಗಿದ್ದರೆ, ಅದನ್ನು ಹೇಳಿ.