ಆನಿಬಲ್‌ನ ಎಸೆತ

ಬಾನಿ ಪಟ್ಟಣದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಅಂಗಡಿಯ ಟಿವಿಯಲ್ಲಿ ನಮ್ಮೂರ ರೋಯೆಲ್ ಎಸೆದ ಚೆಂಡು ಹಿಡಿಯುವ ಕ್ಯಾಚರ್ ಆಗಿ ಕೂತಿದ್ದ; ದೊಡ್ಡ ಬೇಸ್‌ಬಾಲ್ ತಂಡದಲ್ಲಿ ಅವನಿಗದು ಮೊದಲ ಪಂದ್ಯ. ನನ್ನ ಮುಂದಿದ್ದ ಇಬ್ಬರು ಹುಡುಗರೂ ಅದನ್ನೇ ನೋಡುತ್ತಿದ್ದರು.

“ನೋಡೋ ಆನಿಬಲ್, ನಿನ್ನ ಗೆಳೆಯ!”

“ಹುಡುಗರನ್ನ ಆರಿಸೋ ತಂಡದೋರು ಅವತ್ತು ನೋಡೋಕೆ ಬಂದಿದ್ದು ನನ್ನ ಎಸೆತಾನ ಕಣೋ.”

“ಮತ್ತೇನಾಯ್ತು?”

“ಒಂದೂ ನೆಟ್ಟಗೆ ಹೋಗ್ಲಿಲ್ಲ. ಅಡ್ಡಾದಿಡ್ಡಿ ಹೋಗಿದ್ದನ್ನೆಲ್ಲ ಆ ನನ್ಮಗ ಎದೆ ಕೊಟ್ಟು ತಡೆದ. ಅವನನ್ನೇ ಸೇರಿಸ್ಕೊಂಡ್ರು.”

“ಅಂದ್ರೆ ಅವನಿಗೆ ಕೆಲ್ಸ ಕೊಡ್ಸಿದ್ದು ನೀನೇ!”

“ನಗು, ನಗು.”

“ಈಗ ನಿನ್ನ ಮರ್ತಿರ್ತಾನೆ ಬಿಡು.”

“ಮರ್ತಿದ್ರೆ ಚೆನ್ನಾಗಿರ್ತಿತ್ತು. ಪ್ರತಿ ಭಾನುವಾರ ಫೋನ್ ಮಾಡಿ, ‘ಎಲ್ಲಾ ನಿನ್ನಿಂದ್ಲೇ’ ಅಂತಾನೆ. ಅಣಕಿಸೋಕಲ್ಲ, ಮನಸಾರೆ. ಅದಕ್ಕೇ ಕಣೋ ಹೊಟ್ಟೆ ಉರಿಯೋದು.”

ಬಸ್ಸು ಬಂತು. ಆನಿಬಲ್ ಟಿವಿಗೆ ಬೆನ್ನು ಹಾಕಿ ಹತ್ತಿದ.