ಕಳ್ಳಜೇಬು

...ಬಾಗಿಲು ಹಾಕು, ಹಾಕೋ ಮೊದ್ಲು! ನಿನ್ನತ್ತಿಗೆ ನೋಡಿದ್ರೆ ಸೂಜಿನೂ ಕಿತ್ಕೊಂಡು ಹೋಗ್ತಾಳೆ. ನಾನು ಹೊರಗೆ ಹೋಗ್ಬಾರ್ದು ಅಂತ ಚಪ್ಪಲಿ ಆಗ್ಲೇ ಬೀರು ಮೇಲೆ ಹತ್ತಿಸಿದಾಳೆ. ಆಪರೇಷನ್ ಆಗಿ ಹನ್ನೊಂದು ದಿನ ಕಣೋ, ಹನ್ನೊಂದು! ಮಂಚದಿಂದ ಕಿಟಕಿಗೆ ಏಳು ಹೆಜ್ಜೆ, ಕಿಟಕಿಯಿಂದ ಮಂಚಕ್ಕೆ ಏಳು ಹೆಜ್ಜೆ. ಜೊತೆಗೆ ಈ ಕೊಳವೆ, ಅದರ ತುದಿಗೆ ಈ ಚೀಲ... ಮುಖ ಯಾಕೆ ಹಿಂಡ್ತೀಯ? ಬರೀ ಉಚ್ಚೆ ಅದು.

ಇಲ್ಲಿ ನೋಡು, ತಮ್ಮಾ, ಈ ಪ್ಯಾಂಟು. ಎಡಗಾಲಿನ ಒಳಗೆ ಕೈ ಹಾಕು... ಹಾಕೋ, ಕಚ್ಚಲ್ಲ! ಸಿಕ್ತಾ? ಕಳ್ಳಜೇಬು! ಕೊಳವೆಗೂ ಜಾಗ ಬಿಟ್ಟು ಹೊಲಿದಿದೀನಿ. ಯಾಕೋ ನಗ್ತೀಯ? ನಗು, ನಗು. ಇದನ್ನ ಹಾಕ್ಕೊಂಡ್ರೆ ಚೀಲ ಯಾರಿಗೂ ಕಾಣಲ್ಲ. ನೀನು ಅಂಗಡಿ ತನಕ ಕೈ ಹಿಡ್ಕೊಂಡು ಹೋಗು, ಅಷ್ಟೇ ಸಾಕು. ಮೂವತ್ತು ವರ್ಷ ಒಂದೇ ಟೇಬಲ್ಲಿನ ಆಕಡೆ ನೀನು, ಈಕಡೆ ನಾನು. ಈಗ ನೀನೊಬ್ನೇ ಅಲ್ಲಿ ಕತ್ತರಿ ಆಡಿಸ್ತಿದ್ರೆ ನಾನಿಲ್ಲಿ ಗೋಡೆ ನೋಡ್ಕೊಂಡು...

ಎಲ್ಲಿಗೆ? ಬಚ್ಚಲಿಗಾ? ಈಗ ತಾನೇ ಹೋಗಿ ಬಂದ್ಯಲ್ಲೋ! ಸರಿ, ಹೋಗು ಹೋಗು.

ಏನೋ, ಒಳಗೇ ನಿದ್ದೆ ಬಂತಾ?... ಬಂದ್ಯಾ! ಇಷ್ಟು ಹೊತ್ತಿಗೆ ಒಂದು ಅಂಗಿಗೆ ಎರಡೂ ತೋಳು ಕೂರಿಸ್ತಿದ್ದೆ ನಾನು.

ಅಂಗಡೀಲಿ ಯಾರಾದ್ರೂ ಕೇಳಿದ್ರಾ? ಕಲ್ಲು ಅಂತಾನೇ ಹೇಳಿದೀಯ ತಾನೆ? ಮೂತ್ರಕೋಶದಲ್ಲಿ ಕಲ್ಲು, ಕುಯ್ದು ತೆಗೆದ್ರು. ಅಷ್ಟೇ. ಏನು, ಕಲ್ಲು ತೋರಿಸ್ಬೇಕಾ? ಬಿಸಾಕಿದ್ರು ಕಣೋ, ಮನೆಗೆ ತಂದು ಶೋಕೇಸಲ್ಲಿ ಇಡ್ತಾರಾ! ನೀನಂತೂ ಬೇರೆ ಏನೂ ಬಾಯಿ ಬಿಡ್ಬೇಡ. ನಿನ್ನ ಬಾಯಿಗೆ ಬಿದ್ದ ಮಾತು ಸಂಜೆಯೊಳಗೆ ಮೂರು ಬೀದಿ ಸುತ್ತಿ ಬರುತ್ತೆ.

ಅರೆ... ಮತ್ತೆ ಎದ್ದೆಯಾ?

ನೀರು ಜಾಸ್ತಿ ಕುಡ್ದೆಯಾ? ಇಲ್ವಾ? ಕೂತ್ಕೋ. ಒಂದ್ನಿಮಿಷ ಕೂತ್ಕೋ ಅಂದೆ. ಎಷ್ಟು ದಿನದಿಂದ ಹೀಗೆ?... ಬೆರಳು ಎಣಿಸಿ ತೋರಿಸ್ಬೇಡ, ಹೇಳು. ಆರು... ಆರು ತಿಂಗಳಾ? ಹೋಗಿ ನಿಂತ್ರೂ ಬೇಗ ಬರಲ್ಲ, ಅಲ್ವಾ? ಬಂದ್ರೂ ತಡೆದು ತಡೆದು... ಅಯ್ಯೋ. ಅಪ್ಪನೂ ಹೀಗೇ ಅಲ್ವೇನೋ ಎದ್ದೆದ್ದು ಹೋಗ್ತಿದ್ದಿದ್ದು? ವಯಸ್ಸಾಯ್ತು ಅಂತ ನಾವೆಲ್ಲ ಸುಮ್ನಿದ್ವಲ್ಲ...

ಯಾಕೋ ಹಾಗೆ ನೋಡ್ತೀಯ? ಚೀಲ ನೋಡ್ಬೇಡ. ನನ್ನ ಮುಖಾನೂ ನೋಡ್ಬೇಡ.

ಕಲ್ಲಲ್ಲ ಕಣೋ. ಕ್ಯಾನ್ಸರ್. ಪ್ರಾಸ್ಟೇಟ್ ಅಂತಾರೆ, ಮೂತ್ರಕೋಶದ ಕೆಳಗೆ ಗಂಡಸರಿಗಿರೋ ಗ್ರಂಥಿ. ಪೂರ್ತಿ ತೆಗೆದ್ರು. ಬೇಗ ಬಂದ್ರಿ, ಉಳ್ಕೊಂಡ್ರಿ ಅಂದ್ರು ನನಗೆ. ಬೇಗ ಬಂದಿದ್ದಕ್ಕಂತೆ... ನಿನ್ನತ್ತಿಗೆ, ನಿನಗೆ ಹೇಳೋಣ ಹೇಳೋಣ ಅಂತ ಅತ್ಲು. ನಾನೇ ಆಣೆ ಹಾಕ್ಸಿ ಅವಳ ಬಾಯಿ ಕಟ್ಟಿದೆ. ನಾಚಿಕೆ ಕಣೋ! ಟೇಪು ಹಿಡ್ಕೊಂಡು ಅಳತೆಗೆ ಬಗ್ಗಿದಾಗ ಗಿರಾಕಿಗಳು, ಇವನಿನ್ನು ಗಂಡಸೇ ಅಲ್ಲ ಅಂತ ನನ್ನ ತಲೆ ಮೇಲೆ ಒಬ್ಬರಿಗೊಬ್ಬರು ಕಣ್ಣು ಹೊಡ್ಕೋತಾರೆ ಅಂತ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯುತ್ತಲ್ಲ, ಹಾಗೆ ಇದ್ದುಬಿಟ್ಟೆ.

ನಿನಗೆ ಅದೇ ಇರ್ಬೇಕು ಅಂತೇನಿಲ್ಲ. ಎಷ್ಟೋ ಜನಕ್ಕೆ ಗ್ರಂಥಿ ಸುಮ್ನೆ ಊದಿರುತ್ತಂತೆ. ಮೊದ್ಲು ಒಂದು ರಕ್ತಪರೀಕ್ಷೆ. ಏಳು, ಈಗ್ಲೇ ಹೋಗೋಣ, ನಾನೂ ಬರ್ತೀನಿ... ಏಳೋ. ನನ್ನ ಬೈದಾದ್ರೂ ಬಿಡೋ! ಹುಟ್ಟಿದಾಗಿಂದ ಬಾಯಿ ಮುಚ್ಚದವನು ನೀನು, ಇವತ್ತು ಹೀಗೆ ಕೂತ್ರೆ ನಾನೇನು ಮಾಡ್ಲಿ?

ಡಾಕ್ಟರು ನಿನ್ನ ವಿಷಯ ಕೇಳ್ಲಿಲ್ವಾ ಅಂತ ಕೇಳ್ತಿದೀಯಾ?

ಕೇಳಿದ್ರು. ನಾಲ್ಕು ತಿಂಗಳ ಹಿಂದೆ, ಕಾಯಿಲೆ ಗೊತ್ತಾದ ದಿನಾನೇ. ಇದು ಮನೆತನದಲ್ಲಿ ಬರಬಹುದು, ಅಣ್ಣತಮ್ಮಂದಿರನ್ನೂ ಕರ್ಕೊಂಡು ಬನ್ನಿ, ಎಷ್ಟು ಜನ ಇದೀರಿ ಅಂತ ಪೆನ್ನು ಹಿಡ್ಕೊಂಡು ಕೂತಿದ್ರು.

ಆ ಪ್ಯಾಂಟು ಕೆಳಗಿಡು, ಹೇಳ್ತೀನಿ...

ನಾನೊಬ್ನೇ ಮಗ ಅಂದೆ.