ಮಧ್ಯಾಹ್ನದ ನಾಲಿಗೆ

“ಹಗಲಲ್ಲೇ ಏರಿಸ್ಕೊಂಡು ಬಂದಿದ್ದೀಯೇನೋ, ಕುಡುಕ?” ಗಾರ್ಮೆಂಟ್ಸ್ ಫ್ಯಾಕ್ಟರಿಯ ಊಟದ ಸಾಲಿನಲ್ಲಿ ಎಲ್ಲರ ಮುಂದೆಯೇ ಸೂಪರ್‌ವೈಸರ್ ಕೇಳಿದ.

ಹೊಲಿಗೆಯವನ ರೆಪ್ಪೆಗಳು ಆಗಲೇ ಜೋತುಬಿದ್ದಿದ್ದವು. “ನರದ ಕಾಯಿಲೆ ಸಾರ್. ಡಾಕ್ಟರ ಚೀಟಿ ಕೊಟ್ಟಿದ್ದೀನಲ್ಲ,” ಎಂದು ತೊದಲಿದ.

“ಬೆಳಿಗ್ಗೆ ಗಿಣಿ ಥರ ಮಾತಾಡ್ದೆ. ಕಾಯಿಲೆಗೂ ಶಿಫ್ಟ್ ಇರುತ್ತಾ?”

ಸಾಲು ನಕ್ಕಿತು.

“ಹೊತ್ತೇರಿದಂಗೆ ಶಕ್ತಿ ಇಳಿಯುತ್ತೆ ಸಾರ್. ನಾಲಿಗೆ ಏಳಲ್ಲ.”

“ಹಂಗಾದ್ರೆ ‘ನಾನು ಕುಡಿದಿಲ್ಲ’ ಅಂತ ಒಂದ್ಸಲ ನೆಟ್ಟಗೆ ಹೇಳು. ಹೇಳಿದ್ರೆ ಮಿಷನ್ ನಿಂದೇ. ತೊದಲಿದ್ರೆ ನಾಳೆಯಿಂದ ಬರ್ಬೇಡ.”

“ಹೇಳಪ್ಪಾ, ಎರಡೇ ಎರಡು ಪದ,” ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು.

ಅವನು ಬಾಯಿ ತೆರೆಯದೆ ಒಳಗೊಳಗೇ ನಾಲಿಗೆ ಆಡಿಸಿ ಹೇಳಿ ನೋಡಿಕೊಂಡ. ಅಲ್ಲೂ ಅದು ‘ಕುಯಿಯಿಲ್ಲ’ ಎಂದೇ ಬಂತು. ಕೈಯಲ್ಲಿದ್ದ ಖಾಲಿ ತಟ್ಟೆಯನ್ನು ಮೇಜಿನ ಮೇಲಿಟ್ಟ.

“ನೋಡಿದ್ರಾ, ಒಪ್ಕೊಂಡ,” ಎಂದ ಸೂಪರ್‌ವೈಸರ್.

ಹೊಲಿಗೆಯವನು ಗೇಟಿನ ಕಡೆ ನಡೆದ.